ಸಣ್ಣ ಕಾರ್ಖಾನೆಯೂ ದೊಡ್ಡ ಆಕಾಶವೂ

ಅಂತರಿಕ್ಷಯಾನವೆಂದೊಡನೆಯೇ ನಮ್ಮಲ್ಲಿ ಅನೇಕರ ಕಣ್ಣೆದುರಿಗೆ ನಿಲ್ಲುವುದು ಬಹು ದೊಡ್ಡದೊಂದು ಚಿತ್ರ: ಮುಗಿಲಿಗೆ ಮುಖವೆತ್ತಿದ ರಾಕೆಟ್ಟು, ಸಾವಿರಾರು ಮಂದಿ ವಿಜ್ಞಾನಿಗಳು, ಕೋಟಿಗಟ್ಟಲೆ ಹಣ. ಈ ಚಿತ್ರವು ಸುಳ್ಳಲ್ಲವಾದರೂ ಪೂರ್ಣವಾದುದಲ್ಲ. ಊರಿನವರೆಲ್ಲರೂ ಕೂಡಿ ಎಳೆಯುವ ತೇರಿಗೂ ಕಡಾಣಿಯನ್ನು ಮಾಡಿಕೊಡುವವನು ತನ್ನ ಕುಲುಮೆಯ ಮುಂದೆ ಕುಳಿತ ಒಬ್ಬ ಕಮ್ಮಾರನೇ ಅಲ್ಲವೆ? ಹತ್ತಿಪ್ಪತ್ತು ಜನ ಸೇರಿ ದುಡಿಯುವ ಸಣ್ಣ ಕಾರ್ಖಾನೆಗಳು ಅಂತರಿಕ್ಷದ ತೇರಿಗೂ ಇಂಥ ಕಡಾಣಿಗಳನ್ನು ಮಾಡಿಕೊಟ್ಟಿರುವುವು. ಅವುಗಳ ಸಂಶೋಧನೆ ಹೇಗೆ ನಡೆಯುವುದು, ಅದಕ್ಕೆ ಹಣ ಕೊಡುವವರಾರು, ಸೋತರೆ ಆ ಭಾರವನ್ನು ಹೊರುವವರಾರು ಎಂಬ ವಿಷಯದಲ್ಲಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ನಾವು ಬಯಸಿರುವೆವು.

ಮೊದಲು ನಮ್ಮ ಊರಿನ ಮಾತನ್ನೇ ಹೇಳೋಣ. ನಮ್ಮ ದೇಶದ ಪ್ರಥಮ ಉಪಗ್ರಹವಾದ ಆರ್ಯಭಟವು ಸಿದ್ಧವಾದುದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಬಡಾವಣೆಯ ಶೆಡ್ಡುಗಳಲ್ಲಿ. ಉಡುಪಿಯ ಸೀಮೆಯವರಾದ ಯು. ಆರ್. ರಾಯರ ಮುಂದಾಳುತನದಲ್ಲಿ ಕಟ್ಟಲ್ಪಟ್ಟ, ಸುಮಾರು 360 ಕಿಲೋಗ್ರಾಂ ತೂಕದ ಆ ಉಪಗ್ರಹವು 1975ನೆಯ ಇಸವಿ ಏಪ್ರಿಲ್ 19ರಂದು ಸೋವಿಯೆತ್ ರಾಕೆಟ್ಟನ್ನೇರಿ ತನ್ನ ಕಕ್ಷೆಯನ್ನು ಸೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ತಿನ ಏರ್ಪಾಡು ಕೆಟ್ಟು ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದುವು. ಹಾಗೆಂದು ದೇಶದವರು ಅದನ್ನು ವ್ಯರ್ಥವೆಂದೆಣಿಸಲಿಲ್ಲ. ಅದರ ಚಿತ್ರವನ್ನು ಎರಡು ರೂಪಾಯಿಯ ನೋಟಿನ ಮೇಲೆ ಅಚ್ಚುಹಾಕಿಸಿದರು. ಅಲ್ಲಿ ಕಲಿತ ಪಾಠದ ಬಲದಿಂದಲೇ 1979ರಲ್ಲಿ ಭಾಸ್ಕರ ಉಪಗ್ರಹವೂ ಮೇಲೇರಿತು.

ಅದು ಸರಕಾರದ ಕೆಲಸ. ಒಂದು ಪ್ರಯತ್ನ ಕೆಟ್ಟರೆ ಮತ್ತೊಂದಕ್ಕೆ ಕೈಹಾಕುವ ತ್ರಾಣವು ಸರಕಾರಕ್ಕುಂಟು. ಸಣ್ಣ ಕಾರ್ಖಾನೆಯ ಯಜಮಾನನಿಗೆ ಆ ತ್ರಾಣವೆಲ್ಲಿಯದು? ಹೊಸ ಇಂಧನವೊಂದು ಉರಿಯುವುದೋ ಇಲ್ಲವೋ, ಹೊಸ ಕವಾಟವೊಂದು ಅಂತರಿಕ್ಷದ ಚಳಿಗೆ ಬಿರಿಯುವುದೋ ಇಲ್ಲವೋ ಎಂಬುದು ಮಾಡಿ ನೋಡುವವರೆಗೆ ತಿಳಿಯತಕ್ಕುದಲ್ಲ. ಬ್ಯಾಂಕಿನವರು ಸಾಲಕ್ಕೆ ಅಡವು ಕೇಳುವರು. ಮನೆಯನ್ನೋ ಚಿನ್ನವನ್ನೋ ಅಡವಿಡಬಹುದು, ಉತ್ತರ ತಿಳಿಯದ ಪ್ರಶ್ನೆಯನ್ನು ಅಡವಿಡುವುದು ಹೇಗೆ?

ಈ ತೊಡಕನ್ನು ಬಿಡಿಸಲು ಅಮೆರಿಕಾ ದೇಶದವರು ಹೂಡಿದ ಉಪಾಯವು ತಿಳಿಯತಕ್ಕುದಾಗಿದೆ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿ ರೋಲೆಂಡ್ ಟಿಬ್ಬೆಟ್ಸ್ ಎಂಬ ಅಧಿಕಾರಿಯು 1977ರಲ್ಲಿ ಸಣ್ಣದಾಗಿ ಆರಂಭಿಸಿದ ಏರ್ಪಾಡು 1982ರಲ್ಲಿ ದೇಶದ ಕಾನೂನಾಯಿತು. ಹೊರಗಿನವರಿಂದ ಸಂಶೋಧನೆ ಮಾಡಿಸಲು ವರ್ಷಕ್ಕೆ ಹತ್ತು ಕೋಟಿ ಡಾಲರಿಗೆ ಮೇಲ್ಪಟ್ಟು ವೆಚ್ಚಮಾಡುವ ಪ್ರತಿಯೊಂದು ಇಲಾಖೆಯೂ ಆ ಹಣದಲ್ಲಿ ಒಂದು ಪಾಲನ್ನು 500 ಮಂದಿಗೆ ಮೀರದ ಸಂಸ್ಥೆಗಳಿಗಾಗಿ ತೆಗೆದಿಡಬೇಕೆಂದು ಅದು ವಿಧಿಸಿತು. ಮೊದಲ ಕಾನೂನಿನಲ್ಲಿ ನೂರಕ್ಕೆ 1.25ರವರೆಗೆ ಏರತಕ್ಕುದೆಂದಿದ್ದ ಆ ಪಾಲು ಮುಂದಿನ ಕಾನೂನುಗಳಿಂದ ನೂರಕ್ಕೆ 3.2ರವರೆಗೆ ಹೆಚ್ಚಿತು. ಅಂತರಿಕ್ಷದ ಕೆಲಸವನ್ನು ನೋಡಿಕೊಳ್ಳುವ ನಾಸಾ ಸಂಸ್ಥೆಯೂ ಈ ಕಟ್ಟಳೆಗೆ ಒಳಪಟ್ಟಿತು.

ಹಣವನ್ನು ಕೊಡುವ ಕ್ರಮವು ನಮ್ಮ ಅಡಿಗೆಮನೆಯ ಬುದ್ಧಿಯನ್ನೇ ಹೋಲುವುದು. ಅನ್ನ ಬೆಂದಿದೆಯೋ ಎಂದು ತಿಳಿಯಲು ಗೃಹಿಣಿಯು ಪಾತ್ರೆಯನ್ನೆಲ್ಲ ಬರಿದುಮಾಡುವಳೆ? ಒಂದು ಅಗುಳನ್ನು ಹಿಸುಕಿ ನೋಡುವಳು. ನಮ್ಮ ಶಾಸ್ತ್ರಕಾರರು ಇದನ್ನೇ ಸ್ಥಾಲೀಪುಲಾಕ ನ್ಯಾಯವೆಂದರು. ಆ ಏರ್ಪಾಡಿನಲ್ಲಿ ಮೊದಲನೆಯ ಹಂತವು ಇಂಥ ಅಗುಳು: ಆಲೋಚನೆಯಲ್ಲಿ ಹುರುಳುಂಟೋ ಎಂದು ನೋಡಲು ಸುಮಾರು ಆರು ತಿಂಗಳು, ಸ್ವಲ್ಪ ಹಣ. ಹುರುಳುಂಟೆಂದು ಕಂಡರೆ ಎರಡನೆಯ ಹಂತದಲ್ಲಿ ಮಾದರಿಯನ್ನು ಕಟ್ಟಲು ಸುಮಾರು ಎರಡು ವರ್ಷ, ಹೆಚ್ಚಿನ ಹಣ. ಮೂರನೆಯ ಹಂತದಲ್ಲಿ ಈ ನಿಧಿಯಿಂದ ಕಾಸೂ ಇಲ್ಲ. ಕೊಳ್ಳುವವರನ್ನು ಸಂಸ್ಥೆಯೇ ಹುಡುಕಿಕೊಳ್ಳಬೇಕು. ಕೊಟ್ಟ ಹಣಕ್ಕಾಗಿ ಸರಕಾರವು ಸಂಸ್ಥೆಯಲ್ಲಿ ಪಾಲು ಕೇಳುವುದಿಲ್ಲ, ಸಾಲದಂತೆ ಹಿಂದಕ್ಕೂ ಕೇಳುವುದಿಲ್ಲ.

ಈ ನೆರವನ್ನು ಪಡೆಯುತ್ತ ಬೆಳೆದ ಸಂಸ್ಥೆಗಳಲ್ಲೊಂದು, 1983ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದ ಹನೀಬೀ ರೋಬೋಟಿಕ್ಸ್. ಮಂಗಳಗ್ರಹದ ಬಂಡೆಗಳ ಮೇಲೆ ಧೂಳು ಕವಿದಿರುವುದರಿಂದ, ಒಳಗಿನ ಕಲ್ಲಿನ ಗುಣವನ್ನು ತಿಳಿಯಬೇಕಾದರೆ ಮೇಲ್ಪದರವನ್ನು ಉಜ್ಜಿ ತೆಗೆಯಬೇಕು. ಮುಕ್ಕಾಲು ಕಿಲೋಗ್ರಾಮಿಗಿಂತಲೂ ಹಗುರವಾದ, 45 ಮಿಲಿಮೀಟರ್ ಅಗಲಕ್ಕೆ 5 ಮಿಲಿಮೀಟರ್ ಆಳದವರೆಗೆ ಕಲ್ಲನ್ನು ಅರೆಯಬಲ್ಲ ಉಪಕರಣವನ್ನು ಈ ಸಂಸ್ಥೆಯವರು ಮಾಡಿದರು. 2001ರ ಸೆಪ್ಟೆಂಬರಿನಲ್ಲಿ ಅವರ ಕೆಲಸದ ಮನೆಗೆ ಸಮೀಪದಲ್ಲಿಯೇ ಇದ್ದ ವಿಶ್ವ ವಾಣಿಜ್ಯ ಕೇಂದ್ರದ ಜೋಡಿ ಗೋಪುರಗಳು ಕುಸಿದುವು. ಆ ಅವಶೇಷದ ಅಲ್ಯೂಮಿನಿಯಂ ಲೋಹವನ್ನು ತಂದು ತಮ್ಮ ಉಪಕರಣದ ತಂತಿಗೆ ಕವಚವಾಗಿ ತೊಡಿಸಿದರು. 2004ರಲ್ಲಿ ಸ್ಪಿರಿಟ್, ಆಪರ್ಚುನಿಟಿ ಎಂಬ ಎರಡು ಬಂಡಿಗಳೊಡನೆ ಅದು ಮಂಗಳನ ನೆಲಕ್ಕಿಳಿದು ಕಲ್ಲನ್ನು ಅರೆಯಿತು. ದುಃಖದ ಆ ಲೋಹವು ಇಂದಿಗೂ ಅಲ್ಲಿಯೇ ಇರುವುದು.

ನಮ್ಮ ದೇಶದಲ್ಲಿ ಅಂತರಿಕ್ಷದ ಬಾಗಿಲನ್ನು ಖಾಸಗಿಯವರಿಗೆ ಅಗಲವಾಗಿ ತೆರೆದುದು 2020ರಲ್ಲಿ. ಹಣದ ನೆರವಿಗಾಗಿ 2024ರಲ್ಲಿ ಕೇಂದ್ರ ಸರಕಾರವು 1000 ಕೋಟಿ ರೂಪಾಯಿಗಳ ಬಂಡವಾಳ ನಿಧಿಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಇದಕ್ಕಿಂತಲೂ ನಮ್ಮ ಮನಸ್ಸಿಗೆ ಒಪ್ಪಿದುದು ಇಸ್ರೋ ಸಂಸ್ಥೆಯ ಒಂದು ಮಿತವ್ಯಯದ ಬುದ್ಧಿ. ಉಪಗ್ರಹವನ್ನು ಬಿಟ್ಟಮೇಲೆ ಪಿ.ಎಸ್.ಎಲ್.ವಿ. ರಾಕೆಟ್ಟಿನ ಕೊನೆಯ ಹಂತವು ಬರಿದೇ ಸುತ್ತುತ್ತಿರುವುದು. ಅಡಿಗೆ ಮುಗಿದಮೇಲೆ ಒಲೆಯಲ್ಲುಳಿದ ಕೆಂಡದಲ್ಲಿ ಹಪ್ಪಳ ಸುಡುವಂತೆ, ಆ ಹಂತವನ್ನೇ ಪ್ರಯೋಗದ ಜಗಲಿಯನ್ನಾಗಿ ಮಾಡಿ ಸಣ್ಣ ಸಂಸ್ಥೆಗಳಿಗೆ ಸ್ಥಳ ಕೊಡುವರು. 2024ರ ಜನವರಿ 1ರಂದು ಏರಿದ ರಾಕೆಟ್ಟಿನಲ್ಲಿ ಬೆಂಗಳೂರಿನ ಬೆಲಾಟ್ರಿಕ್ಸ್ ಸಂಸ್ಥೆಯು ತನ್ನ ಹೊಸ ನೂಕುಯಂತ್ರವನ್ನು ಹೀಗೆಯೇ ಪರೀಕ್ಷಿಸಿತು. ಉಪಗ್ರಹಗಳಲ್ಲಿ ಬಹುಕಾಲದಿಂದ ಬಳಸುತ್ತಿರುವ ಹೈಡ್ರಜೀನ್ ಇಂಧನವು ಮಹಾ ವಿಷಕರವಾದುದು. ಅದಕ್ಕೆ ಬದಲಾಗಿ ಅಷ್ಟು ಅಪಾಯವಿಲ್ಲದ ಇಂಧನದಿಂದ ಕೆಲಸಮಾಡುವುದು ಆ ಯಂತ್ರದ ಗುಣ.

ಇಷ್ಟೆಲ್ಲವೂ ಸರಕಾರಗಳ ಮಾತಾಯಿತು. ಆದರೆ ಇಂಥ ಕಾರ್ಖಾನೆಗಳಿಗೆ ತಿಳಿಯದಂತೆಯೇ ಹಣ ಹೂಡುವ ಮತ್ತೊಬ್ಬರಿರುವರು. ಅವರೇ ಅಲ್ಲಿ ದುಡಿಯುವ ಮಕ್ಕಳ ಮನೆಯವರು. ನಮ್ಮ ತಂಗಿಯ ಮಗಳು ದೊಡ್ಡ ಕಛೇರಿಯೊಂದರ ಖಾಯಂ ನೌಕರಿಯನ್ನು ಬಿಟ್ಟು ಹದಿನಾಲ್ಕು ಜನರ ಕಾರ್ಖಾನೆಯೊಂದನ್ನು ಸೇರುವೆನೆಂದಾಗ ತಂಗಿಯು ಕಂಗಾಲಾಗಿ, “ಅಣ್ಣಾ, ನೀನಾದರೂ ಅವಳಿಗೆ ಬುದ್ಧಿ ಹೇಳು. ನಾಳೆ ಅದು ಬಾಗಿಲು ಹಾಕಿದರೆ ಗತಿಯೇನು?” ಎಂದಳು. ಹುಡುಗಿಯು, “ಮಾವ, ಇಲ್ಲಿ ಕಾಗದವನ್ನು ಮುಂದಿನ ಮೇಜಿಗೆ ಕಳುಹಿಸುವುದೇ ನನ್ನ ಕೆಲಸ. ಅಲ್ಲಿ ಕವಾಟ ಸೋರಿದರೆ ಏಕೆ ಸೋರಿತೆಂದು ನಾನೇ ಬಿಚ್ಚಿ ನೋಡಬಹುದು” ಎಂದಳು. ಎರಡು ಮಾತೂ ನ್ಯಾಯವಾದುದೇ. ತಾಯಿಯ ಭಯವನ್ನು ಹೇಡಿತನವೆಂದು ಹಳಿಯಲು ನಾವು ಸಿದ್ಧರಲ್ಲ. ತಿಂಗಳ ಸಂಬಳವು ನಿಂತರೆ ಮನೆಯ ಬಾಡಿಗೆಯು ತಾನೂ ನಿಲ್ಲುವುದಿಲ್ಲ.

ನಾವು ಆ ಮನೆಯಲ್ಲಿ ಅಗುಳಿನ ನ್ಯಾಯವನ್ನೇ ಹೇಳಿದೆವು. ಎರಡು ವರ್ಷದ ಗಡುವನ್ನಿಟ್ಟುಕೊಳ್ಳಲಿ. ಆರು ತಿಂಗಳ ವೆಚ್ಚವನ್ನು ಮೊದಲೇ ಬೇರೆ ತೆಗೆದಿಡಲಿ. ಆ ಅವಧಿಯಲ್ಲಿ ದೊಡ್ಡ ಸಾಲಕ್ಕೆ ಕೈಹಾಕದಿರಲಿ. ಕಾರ್ಖಾನೆಗೆ ಯಾರ ಹಣ, ಎಷ್ಟು ತಿಂಗಳಿಗೆ ಬಂದಿದೆಯೆಂದು ಸಂಕೋಚವಿಲ್ಲದೆ ಕೇಳಿ ತಿಳಿಯಲಿ. ಅದು ಮುಚ್ಚಿದರೂ ಕೈಯಲ್ಲುಳಿಯುವ ವಿದ್ಯೆ ಯಾವುದೆಂದು ವಿಚಾರಿಸಲಿ. ಮನೆಯವರಾದರೋ ಗಡುವಿನೊಳಗೆ “ನಾವು ಆಗಲೇ ಹೇಳಲಿಲ್ಲವೆ?” ಎಂಬ ಮಾತನ್ನು ಎತ್ತದಿರಲಿ. ಒಂದು ವರ್ಷ ಕಳೆದಿದೆ. ಅವರ ಮೊದಲನೆಯ ಕವಾಟವು ನಡುಗಿಸುವ ಪರೀಕ್ಷೆಯಲ್ಲಿ ಬಿರಿಯಿತು, ಎರಡನೆಯದು ಸಿದ್ಧವಾಗುತ್ತಿದೆ. ಮುಂದೇನಾಗುವುದೋ ಅವಳೂ ಅರಿಯಳು.

ಹೊಸದನ್ನು ಹುಡುಕುವವರಿಗೆ ಇಷ್ಟು ಕಾಲ, ಇಷ್ಟು ಹಣ ಎಂದು ಅಳೆದು ಕೊಡುವುದು ವಿವೇಕ. ಆ ಅಳತೆಯೊಳಗೆ ಬಂದ ಸೋಲನ್ನು ಅಪರಾಧವೆಂದೆಣಿಸದಿರುವುದು ಔದಾರ್ಯ. ಇವೆರಡೂ ಕೂಡಿದಲ್ಲಿ ಸಣ್ಣ ಕಾರ್ಖಾನೆಯು ಬಾಳುವುದು. ಸರಕಾರವು ಇದನ್ನು ಕಾನೂನಿನಿಂದ ಮಾಡಬೇಕಾಗುವುದು. ಗೃಹಸ್ಥರಾದ ನಮಗೆ ಕಾನೂನೇಕೆ? ರಾತ್ರಿ ತಡವಾಗಿ ಬಂದ ಮಕ್ಕಳಿಗೆ ಬಿಸಿ ಅನ್ನವನ್ನು ಬಡಿಸಿ, ಇಂದು ಯಾವುದು ಬಿರಿಯಿತೆಂದು ಆದರದಿಂದ ಕೇಳಿದರೆ ಸಾಕು.