ಬೇಲೂರಿನ ಮುಗಿಲುಗಳು

ಬೇಲೂರಿಗೆ ಹೋದವರೆಲ್ಲರೂ ಕತ್ತೆತ್ತಿ ನೋಡುವವರೇ. ಚೆನ್ನಕೇಶವ ದೇವಾಲಯದ ಸೂರಿನಡಿಯಲ್ಲಿ ಮದನಿಕೆಯರು ಮುಂದಕ್ಕೆ ಬಾಗಿ ನಿಂತಿರುವುದರಿಂದ, ನೆಲವನ್ನು ನೋಡುತ್ತ ಪ್ರದಕ್ಷಿಣೆ ಮಾಡುವವನು ಅಲ್ಲಿ ಯಾರೂ ಇಲ್ಲ. ಆದರೆ ಎತ್ತಿದ ಆ ದೃಷ್ಟಿಯು ಕಲ್ಲಿನ ಸೂರನ್ನು ಮುಟ್ಟಿದೊಡನೆಯೇ ನಿಂತುಬಿಡುವುದು. ಅದು ಇನ್ನೊಂದು ಗೇಣು ಮೇಲಕ್ಕೆ ಹೋಯಿತೆಂದರೆ, ಯಾವ ರೂವಾರಿಯೂ ಕಡೆಯದ, ಒಂದು ಗಳಿಗೆಯಿದ್ದಂತೆ ಇನ್ನೊಂದು ಗಳಿಗೆಯಿರದ ಬೇರೊಂದು ಶಿಲ್ಪಶಾಲೆಯು ಅಲ್ಲಿ ತೆರೆದಿರುವುದು. ಈ ಲೇಖನವು ಆ ಮೇಲಿನ ಗೇಣನ್ನು ಕುರಿತದ್ದು.

ಕೆಲವು ವರ್ಷಗಳಿಂದ ನಾವು ಮೂರು ನಾಲ್ಕು ಮನೆಗಳವರು ಕೂಡಿಕೊಂಡು, ಮುದುಕರು ಮಕ್ಕಳೊಡನೆ, ಬೇಲೂರು, ಹಳೇಬೀಡು, ಅರಸೀಕೆರೆಗಳ ಸೀಮೆಗೆ ಋತುವಿಗೊಮ್ಮೆ ಹೋಗಿಬರುವ ಪದ್ಧತಿಯನ್ನಿಟ್ಟುಕೊಂಡಿದ್ದೇವೆ. ಮೊದಮೊದಲು ಗುಡಿಗಳನ್ನು ನೋಡುವುದಕ್ಕೆ ಹೋದೆವು. ಈಗ ಗುಡಿಗಳನ್ನೂ ಮೋಡಗಳನ್ನೂ ನೋಡುವುದಕ್ಕೆ ಹೋಗುತ್ತೇವೆ. ಇಂತಹ ವಿನೋದಕ್ಕೆ ಈ ಸೀಮೆಯೇ ಏಕೆಂದು ವಾಚಕರು ಕೇಳಬಹುದು. ಬೇಲೂರು ಸಮುದ್ರಮಟ್ಟದಿಂದ ಸುಮಾರು ೩,೨೦೦ ಅಡಿ ಎತ್ತರದಲ್ಲಿ, ಯಗಚಿ ನದಿಯ ದಡದಲ್ಲಿದೆ. ಮಲೆನಾಡಿಗೂ ಬಯಲುಸೀಮೆಗೂ ಹೊಲಿಗೆ ಹಾಕಿದ ಸ್ಥಳವೆಂದು ಅದನ್ನು ಹೇಳಬಹುದು. ಪಡುವಣಕ್ಕೆ ಸಕಲೇಶಪುರದ ಕಡೆಯ ಘಟ್ಟಗಳು. ಬಡಗಣಕ್ಕೆ ಬಾಬಾಬುಡನ್ ಗಿರಿಗಳು, ಅವುಗಳಲ್ಲಿ ೬,೩೦೦ ಅಡಿಗೂ ಮಿಕ್ಕಿದ ಮುಳ್ಳಯ್ಯನಗಿರಿ. ಮೂಡಲಿಗೆ ಹತ್ತು ಮೈಲಿ ಹೋದರೆ ಹಳೇಬೀಡು, ಅದಕ್ಕೂ ಆಚೆ ತೆಂಗಿನ ನಾಡಾದ ಅರಸೀಕೆರೆ. ಒಂದೇ ದಿನದಲ್ಲಿ, ಒಂದೇ ದಾರಿಯಲ್ಲಿ, ಮೋಡದ ಬಾಲ್ಯ, ಯೌವನ, ಮುಪ್ಪುಗಳನ್ನು ಮೂರನ್ನೂ ಕಾಣುವ ಅನುಕೂಲವು ಎಲ್ಲ ಕಡೆಯಲ್ಲಿಯೂ ದೊರೆಯುವುದಿಲ್ಲ.

ಅರಬ್ಬೀ ಸಮುದ್ರದ ಕಡೆಯಿಂದ ಬರುವ ತೇವದ ಗಾಳಿಯು ಘಟ್ಟಕ್ಕೆ ತಾಗಿ ಮೇಲೇರುತ್ತದೆ, ಏರಿದಂತೆಲ್ಲ ತಣ್ಣಗಾಗುತ್ತದೆ, ತಣ್ಣಗಾದ ಗಾಳಿಯು ತನ್ನ ಆವಿಯೆಲ್ಲವನ್ನೂ ಹೊರಲಾರದೆ, ಅದನ್ನು ಧೂಳಿನ ಕಣಗಳ ಸುತ್ತ ಸಣ್ಣ ಸಣ್ಣ ಹನಿಗಳಾಗಿ ಬಿಡುತ್ತದೆ. ಈ ಹನಿಯು ಅಡ್ಡಳತೆಯಲ್ಲಿ ಒಂದು ಮಿಲಿಮೀಟರಿನ ಐವತ್ತರಲ್ಲೊಂದು ಪಾಲಿನಷ್ಟು ಮಾತ್ರವಿರುವುದರಿಂದ ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರಿಗಿಂತ ಹೆಚ್ಚು ಇಳಿಯಲಾರದು. ಕೆಳಗಿನಿಂದ ಏರುವ ಗಾಳಿಯು ಅದನ್ನು ಸುಲಭವಾಗಿ ಎತ್ತಿಹಿಡಿಯುತ್ತದೆ. ಅರಳೆಯ ಮೂಟೆಯಂತೆ ಹಗುರಾಗಿ ತೇಲುವ ಬಿಳಿಯ ಮೋಡವು ಒಂದು ಕಿಲೋಮೀಟರು ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರವಿದ್ದರೆ, ಅದರೊಳಗಿನ ನೀರು ಸುಮಾರು ೫೦೦ ಟನ್ನು ತೂಗುವುದು! ಇದನ್ನು ಕೇಳಿದ ನಮ್ಮ ಮಕ್ಕಳು ಒಂದು ಗಳಿಗೆ ಮೋಡದ ಕೆಳಗಿನಿಂದ ಪಕ್ಕಕ್ಕೆ ಸರಿದು ನಿಂತರು. ಘಟ್ಟವನ್ನು ದಾಟಿದ ಗಾಳಿಯು ಮೂಡಲಿಗೆ ಇಳಿಯುತ್ತ ಮತ್ತೆ ಬೆಚ್ಚಗಾಗುವುದು, ಮೋಡವು ಕರಗುವುದು. ಆದುದರಿಂದಲೇ ಸಕಲೇಶಪುರದಲ್ಲಿ ಜಡಿಮಳೆಯಿರುವ ದಿನ ಬೇಲೂರಿನಲ್ಲಿ ತುಂತುರು, ಅರಸೀಕೆರೆಯಲ್ಲಿ ಬರಿಯ ನೆರಳು.

ಮೋಡಗಳಿಗೆ ಶಾಸ್ತ್ರೀಯವಾಗಿ ಹೆಸರಿಟ್ಟವನು ಲಂಡನ್ನಿನಲ್ಲಿ ಔಷಧಗಳನ್ನು ತಯಾರಿಸುತ್ತಿದ್ದ ಲೂಕ್ ಹೋವರ್ಡ್ ಎಂಬಾತ. ಗಿಡಮರಗಳಿಗೆ ಜಾತಿಗಳಿರುವಂತೆ ಮೋಡಗಳಿಗೂ ಜಾತಿಗಳುಂಟೆಂದು ಆತನು ೧೮೦೨ರಲ್ಲಿ ತೋರಿಸಿ, ಕೂದಲಿನ ಸುರುಳಿ, ಗುಡ್ಡೆ, ಹಾಸು ಎಂಬರ್ಥದ ಲ್ಯಾಟಿನ್ ಹೆಸರುಗಳನ್ನು ಕೊಟ್ಟನು. ಸಿರಸ್, ಕ್ಯುಮುಲಸ್, ಸ್ಟ್ರೇಟಸ್ ಎಂಬ ಆ ಹೆಸರುಗಳೇ ಇಂದಿಗೂ ನಡೆಯುತ್ತಿವೆ. ೧೮೯೬ರಲ್ಲಿ ಎಲ್ಲ ದೇಶಗಳಿಗೂ ಸಾಮಾನ್ಯವಾದ ಮೋಡಗಳ ಚಿತ್ರಸಂಪುಟವೂ ಹೊರಟಿತು. ಇಂಗ್ಲೆಂಡಿನಲ್ಲಿ ೨೦೦೫ರಲ್ಲಿ ಮೋಡಗಳನ್ನು ಮೆಚ್ಚುವವರ ಸಂಘವೊಂದು ಸ್ಥಾಪಿತವಾಗಿ, ಲೋಕದ ನಾನಾ ಭಾಗಗಳವರು ತಾವು ಕಂಡ ಆಕಾಶದ ಚಿತ್ರಗಳನ್ನು ಪರಸ್ಪರ ತೋರಿಸಿಕೊಂಡು ಸಂತೋಷಪಡುತ್ತಿರುವರು. ನಮ್ಮವರು ಸಂಘ ಕಟ್ಟದಿದ್ದರೂ ಹೆಸರಿಗೆ ಬಡವರಲ್ಲ. ಕಾರ್ಮುಗಿಲು, ಬೆಳ್ಮುಗಿಲು, ಕೆಮ್ಮುಗಿಲು ಎಂದು ಬಣ್ಣವನ್ನು ಹಿಡಿದು ಕರೆದರು. ರೋಹಿಣಿ, ಮೃಗಶಿರ, ಆರಿದ್ರೆ ಎಂದು ಮಳೆಯನ್ನು ನಕ್ಷತ್ರದಿಂದ ಎಣಿಸಿದರು. ಹೋವರ್ಡನು ಆಕಾರವನ್ನು ನೋಡಿದನು, ನಮ್ಮ ಒಕ್ಕಲಿಗನು ಕಾಲವನ್ನು ನೋಡಿದನು. ಎರಡೂ ಬೇಕಾದವುಗಳೇ.

ಬೇಲೂರಿನ ಗುಡಿಯ ಅಂಗಳವು ವಿಶಾಲವಾದದ್ದು. ಪೂರ್ತಿಯಾಗಿ ಕಲ್ಲು ಹಾಸಿದ್ದು. ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ಈ ದೇವಾಲಯದ ಗರ್ಭಗುಡಿಯ ಮೇಲೆ ಹಿಂದೆ ಶಿಖರವಿದ್ದಿತು. ಶಿಥಿಲವಾದುದರಿಂದ ೧೯ನೆಯ ಶತಮಾನದಲ್ಲಿ ಅದನ್ನು ಇಳಿಸಿದರು. ಶಿಖರವಿಲ್ಲದ ಆ ತಗ್ಗಾದ ಗುಡಿಯ ಮೇಲೆ ಚೈತ್ರ ವೈಶಾಖದ ಅಪರಾಹ್ನದಲ್ಲಿ ಮೋಡದ ಗೋಪುರಗಳು ಒಂದರ ಮೇಲೊಂದು ಏಳುವುದನ್ನು ನೋಡುವಾಗ, ಕಳೆದುಹೋದದ್ದನ್ನು ಆಕಾಶವು ದಿನವೂ ಕಟ್ಟಿ ದಿನವೂ ಕೆಡವುತ್ತಿರುವಂತೆ ತೋರುವುದು. ಇವೇ ಗುಡುಗಿನ ಮೋಡಗಳು. ಇವುಗಳ ಮಳೆಯಿಂದಲೇ ಪಕ್ಕದ ತೋಟಗಳಲ್ಲಿ ಕಾಫಿಯ ಗಿಡ ಹೂ ಬಿಡುವುದು. ಆಷಾಢ ಶ್ರಾವಣಗಳಲ್ಲಿ ಬೂದು ಬಣ್ಣದ ಮೋಡದ ಹಾಸು ಪಡುವಣದಿಂದ ಮೂಡಲಿಗೆ ಓಡುತ್ತಲೇ ಇರುವುದು. ಆಗ ಅಂಗಳದ ಕಲ್ಲುಗಳ ಮೇಲೆ ನಿಂತ ನೀರಿನಲ್ಲಿ ಗೋಪುರವೂ ದೀಪದ ಕಂಬವೂ ತಲೆಕೆಳಗಾಗಿ ಕಾಣುವುವು. ಹಿಂಗಾರು ಕಳೆದ ಮೇಲಿನ ಸಂಜೆಗಳಲ್ಲಿ ಎತ್ತರದ ತೆಳು ಮೋಡಗಳು ಮೀನಿನ ಹುರುಪೆಯಂತೆ ಹರಡಿ, ಹೊನ್ನು, ಕುಂಕುಮ, ನೇರಿಳೆಯ ಬಣ್ಣಗಳಿಗೆ ಕ್ರಮವಾಗಿ ತಿರುಗುವುವು. ಯಗಚಿಯ ಅಣೆಕಟ್ಟಿನ ಹಿನ್ನೀರಿನ ಅಂಚಿಗೆ ಹೋದರೆ ಆ ಬಣ್ಣಗಳು ಇಮ್ಮಡಿಯಾಗಿ ದೊರೆಯುವುವು.

ಇವುಗಳ ಛಾಯಾಚಿತ್ರ ತೆಗೆಯುವುದು ನಮ್ಮ ವಿನೋದದ ಅರ್ಧ ಭಾಗ. ಈ ನಾಡಿನ ಗುಡಿಗಳನ್ನು ಮೊದಲು ಕ್ಯಾಮರಾದಲ್ಲಿ ಹಿಡಿದವರಲ್ಲಿ ಕ್ಯಾಪ್ಟನ್ ರಿಚರ್ಡ್ ಬ್ಯಾನರ್ ಓಕ್ಲಿ ಎಂಬಾತನೊಬ್ಬನು. ೧೮೫೬ರಲ್ಲಿ ಆತನು ಹಳೇಬೀಡಿನಲ್ಲಿ ತೆಗೆದ ೫೬ ಚಿತ್ರಗಳ ಸಂಪುಟವು ೧೮೫೯ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಆ ಕಾಲದ ಚಿತ್ರಗಳಲ್ಲಿ ಕಲ್ಲಿನ ಒಂದೊಂದು ಗೆರೆಯೂ ಸ್ಪಷ್ಟವಾಗಿದ್ದರೂ ಆಕಾಶವು ಸಾಮಾನ್ಯವಾಗಿ ಬರಿಯ ಬಿಳಿಯ ಕಾಗದದಂತಿರುವುದು. ಅಂದು ಮೋಡವಿರಲಿಲ್ಲವೆಂದು ಅದರ ಅರ್ಥವಲ್ಲ. ಆಗಿನ ಲೇಪದ್ರವ್ಯಗಳು ನೀಲಿಯ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ, ಕಲ್ಲಿಗೆ ಸಾಕಾಗುವಷ್ಟು ಹೊತ್ತು ಬೆಳಕು ಬಿಟ್ಟರೆ ನೀಲಿಯೂ ಬಿಳುಪೂ ಒಂದಾಗಿ ಮೋಡವು ಅಳಿಸಿಹೋಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬಾತನು ಅದೇ ವರ್ಷಗಳಲ್ಲಿ ಕಡಲಿಗೊಂದು, ಆಕಾಶಕ್ಕೊಂದು ಎಂದು ಎರಡು ಬೇರೆ ಫಲಕಗಳನ್ನು ತೆಗೆದು ಒಂದೇ ಚಿತ್ರವಾಗಿ ಮುದ್ರಿಸಿದನು. ೧೯೨೨ರಿಂದ ಅಮೆರಿಕದ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ನೆಲವನ್ನು ಬಿಟ್ಟು ಮೋಡಗಳನ್ನೇ ವಸ್ತುವಾಗಿ ಹಿಡಿದು ಅನೇಕ ಚಿತ್ರಗಳನ್ನು ತೆಗೆದನು.

ಇಂದು ಪ್ರತಿಯೊಂದು ಮನೆಯ ಫೋನಿನಲ್ಲಿಯೂ ಕ್ಯಾಮರಾ ಇದೆ. ಆದರೂ ಓಕ್ಲಿಯ ತೊಡಕು ಪೂರ್ತಿಯಾಗಿ ಹೋಗಿಲ್ಲ. ಫೋನಿನ ಗಾಜಿನ ಮೇಲೆ ಕಲ್ಲು ಕಾಣುವೆಡೆಯಲ್ಲಿ ಬೆರಳಿಟ್ಟರೆ ಆಕಾಶವು ಬೆಳ್ಳಗಾಗುವುದು; ಮೋಡದ ಮೇಲೆ ಬೆರಳಿಟ್ಟರೆ ಗುಡಿಯು ಕಪ್ಪು ನೆರಳಾಗುವುದು. ಎರಡೂ ಬೇಕಾದವರು ಸೂರ್ಯೋದಯವಾದ ಸ್ವಲ್ಪ ಹೊತ್ತಿನಲ್ಲಿ ಹೋಗಬೇಕು. ಆಗ ಮೂಡಣ ಬಿಸಿಲು ಕಲ್ಲಿನ ಮೇಲೂ ಮೋಡದ ಮೇಲೂ ಸರಿಸಮನಾಗಿ ಬೀಳುತ್ತದೆ. ಶಿಲ್ಪಗಳನ್ನೇ ಹತ್ತಿರದಿಂದ ತೆಗೆಯಬೇಕೆಂಬವರಿಗೆ ಮೋಡ ಮುಸುಕಿದ ದಿನವೇ ಮೇಲು. ಬಿರುಬಿಸಿಲಿನಲ್ಲಿ ಸೂರಿನ ನೆರಳು ಮದನಿಕೆಯ ಮುಖವನ್ನು ಮುಚ್ಚುವುದು. ಮೋಡವು ಬೆಳಕನ್ನು ಸೋಸಿ ಕೊಟ್ಟಾಗ ಬಳಪದ ಕಲ್ಲಿನ ಒಡವೆಯ ಎಳೆಗಳು ಕೂಡ ಎದ್ದು ಕಾಣುವುವು. ಮೋಡ ಕವಿಯಿತೆಂದು ಮುಖ ಸಣ್ಣಗೆ ಮಾಡಿಕೊಂಡು ಹಿಂದಿರುಗುವ ಪ್ರವಾಸಿಗರನ್ನು ಕಂಡಾಗ ನಮಗೆ ಕನಿಕರವಾಗುವುದು.

ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ಗುಡಿಯ ಪಕ್ಕದಲ್ಲಿಯೇ ದೋರಸಮುದ್ರದ ಕೆರೆಯು ಹರಡಿಕೊಂಡಿದೆ. ರಾಜಧಾನಿಯು ತನ್ನ ಹೆಸರನ್ನೇ ಆ ನೀರಿನಿಂದ ಪಡೆದಿತ್ತು. ಗುಡಿಯ ಗೋಡೆಯ ಮೇಲೆ ಕೃಷ್ಣನು ಗೋವರ್ಧನವನ್ನೆತ್ತಿರುವ ಶಿಲ್ಪವೊಂದುಂಟು. ಗಿರಿಯ ಕೆಳಗೆ ಗೋವುಗಳೂ ಗೋಪಾಲಕರೂ ಒತ್ತಾಗಿ ನಿಂತಿರುವರು. ಇಂದ್ರನ ಮಳೆಗೆ ಹೆದರಿದವರ ಆ ಚಿತ್ರವನ್ನು ನೋಡಿ ಹೊರಗೆ ಬಂದರೆ, ಇಂದ್ರನ ಮಳೆಗಾಗಿ ಕಾದಿರುವ ಹೊಲಗಳು ಎದುರಿಗೆ ಕಾಣುವುವು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದವು. ಅದರ ಸಂತೋಷವು ಸಹಜವಾದದ್ದೇ. ಆ ಕೆರೆಯನ್ನೂ ಅದರೊಳಗಿನ ಆಕಾಶವನ್ನೂ ನೋಡುವುದಕ್ಕೆ ಬರುವವರೂ ಹೆಚ್ಚಲೆಂದು ನಮ್ಮ ಆಸೆ.

ಅಲ್ಲಿಂದ ಅರಸೀಕೆರೆಗೆ ಬಂದೆವು. ೧೨೨೦ರಲ್ಲಿ ಕಟ್ಟಿದ ಶಿವಾಲಯದ ನಕ್ಷತ್ರಾಕಾರದ ಮಂಟಪವನ್ನು ನೋಡಿಕೊಂಡು, ಊರ ಹೊರಗೆ ಒಂದು ತೆಂಗಿನ ತೋಟದ ಬಳಿ ನಿಂತೆವು. ಪಡುವಣದಿಂದ ದೊಡ್ಡದೊಂದು ಮೋಡವು ಅಂಚಿಗೆ ಬೆಳ್ಳಿಯ ಸರಿಗೆ ಹಾಕಿಕೊಂಡು ತೇಲಿಬರುತ್ತಿತ್ತು. ಎಲ್ಲರೂ ಸಡಗರದಿಂದ ಚಿತ್ರ ತೆಗೆಯುತ್ತಿರುವಾಗ ತೋಟದ ಯಜಮಾನನು ಬೇಲಿಯ ಬಳಿಗೆ ಬಂದನು. ವಿಷಯವನ್ನು ತಿಳಿದು ನಕ್ಕು, “ಮೋಡದ ಪಟ ತೆಗೀತೀರಾ ಸ್ವಾಮಿ? ತೆಗೀರಿ, ಚೆಂದಾಗದೆ. ಆದ್ರೆ ಅದನ್ನ ಒಂದು ಗಳಿಗೆ ಇಲ್ಲೇ ನಿಲ್ಲಿಸೋ ಯಂತ್ರ ಏನಾದ್ರೂ ಇದ್ರೆ, ಮುಂದಿನ ಸಲ ಅದನ್ನೂ ತನ್ನಿ” ಎಂದನು. ಅವನ ಹಿಂದೆ ಸುಳಿ ಒಣಗಿದ ನಾಲ್ಕಾರು ಮರಗಳು ಬೋಳಾಗಿ ನಿಂತಿದ್ದುವು. ಮೋಡವು ನಮ್ಮ ತಲೆಯ ಮೇಲೆ ಬಂದಿತು, ನೆರಳು ಕೊಟ್ಟಿತು, ಹೋಯಿತು. ಹನಿ ಬೀಳಲಿಲ್ಲ. ಅವನು ಒಬ್ಬೊಬ್ಬರಿಗೂ ಎಳನೀರು ಕೆತ್ತಿಕೊಟ್ಟನು, ಹಣವನ್ನು ಬೇಡವೆಂದನು. ಆ ನೀರಿನ ಬೆಲೆಯನ್ನು ಅರಿತ ಮೇಲೆ ಅದನ್ನು ಕುಡಿಯುವುದು ನಮಗೆ ಸುಲಭವಾಗಲಿಲ್ಲ.

ಮೋಡವನ್ನು ನೋಡಿ ಸಂತೋಷಪಡುವುದು ತಪ್ಪೆಂದು ಆತನು ಹೇಳಲಿಲ್ಲ, ನಾವೂ ಹೇಳುವುದಿಲ್ಲ. ಚೆಂದವಾಗಿದೆಯೆಂಬುದನ್ನು ಆತನೇ ಮೊದಲು ಒಪ್ಪಿದನು. ಆದರೆ ಒಂದೇ ಮೋಡವು ಒಬ್ಬನಿಗೆ ನೋಟ, ಇನ್ನೊಬ್ಬನಿಗೆ ಊಟ ಎಂಬುದನ್ನು ಮಕ್ಕಳು ಅಂದು ಕಣ್ಣಾರೆ ಕಂಡರು.

ಈ ವಿನೋದವನ್ನು ಕೈಕೊಳ್ಳಬೇಕೆಂಬ ಗೃಹಸ್ಥರಿಗೆ ಎರಡು ಮಾತು. ಇದಕ್ಕೆ ಖರ್ಚಿಲ್ಲ, ಮಾಳಿಗೆಯೋ ಅಂಗಳವೋ ಇದ್ದರೆ ಸಾಕು. ಒಬ್ಬರೇ ನೋಡುವುದಕ್ಕಿಂತ ನಾಲ್ವರು ಕೂಡಿ ನೋಡಿದರೆ ಒಳ್ಳೆಯದು. ಅಜ್ಜಿಗೆ ಆನೆಯಾಗಿ ಕಂಡದ್ದು ಮೊಮ್ಮಗಳಿಗೆ ರೈಲಾಗಿ ಕಾಣುವುದರಲ್ಲಿಯೇ ಅರ್ಧ ಸುಖ. ಗುಡುಗು ಕೇಳಿದೊಡನೆ ಮಾತ್ರ ಬಯಲನ್ನೂ ಒಂಟಿ ಮರದ ಅಡಿಯನ್ನೂ ಬಿಟ್ಟು ಮನೆಯೊಳಗೆ ಬರಬೇಕು. ತೆಗೆದ ಚಿತ್ರದ ಜತೆಗೆ ದಿನ, ಹೊತ್ತು, ದಿಕ್ಕು, ಗಾಳಿಗಳನ್ನು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಬೇಕು. ನಮ್ಮ ಮಕ್ಕಳ ಪುಸ್ತಕದಲ್ಲಿ ಮೊದಲು ಈ ನಾಲ್ಕೇ ಅಂಕಣಗಳಿದ್ದುವು. ಅರಸೀಕೆರೆಯಿಂದ ಬಂದ ರಾತ್ರಿ ಅವರೇ ಗೆರೆ ಎಳೆದು ಐದನೆಯದೊಂದನ್ನು ಸೇರಿಸಿದರು. ಅದರ ತಲೆಯ ಮೇಲೆ ಬರೆದಿರುವುದು, “ಮಳೆ ಎಲ್ಲಿ ಬಂತು?” ಎಂದು.