ಟಿವಿ ಸಣ್ಣಾಗೋತು!

ಹೋದ ದೀಪಾವಳಿಗೆ ಮುಂಚೆ ಹೊನ್ನಾವರದ ಮನೆಯಿಂದ ಅಪ್ಪನ ಫೋನು. "ತಮಾ, ಈ ಟಿವಿ ಸಣ್ಣಾಗೋತು, ಒಂದು ದೊಡ್ಡದು ನೋಡು." ವಯಸ್ಸಾದ ಮೇಲೊಂದು ಆಸೆ ಅಂದುಕೊಂಡು 55 ಇಂಚಿನದು ಹಾಕಿಸಿಕೊಟ್ಟೆ. ಜಗಲಿಯ ಗೋಡೆಗೆ ಕಪಾಟು ಇತ್ತಲ್ಲ, ಟಿವಿ ಅದರ ಮೇಲೆ, ಮಾಡಿನ ಹತ್ತಿರ ಹೋಗಿ ಕೂತಿತು.

ಅಪ್ಪನಿಗೆ ಯೂಟ್ಯೂಬಿನಲ್ಲಿ ಹಳೇ ಆಟ ನೋಡುವ ಹುಚ್ಚು. ಲೈಟು ಆರಿಸಿ, ಗೋಡೆ ತುಂಬ ಚಿಟ್ಟಾಣಿಯವರ ಭಸ್ಮಾಸುರ. ತಿಂಗಳೊಳಗೆ ಕಣ್ಣುರಿ ಶುರುವಾಯ್ತು. ಆಯಿ ಟಿವಿಗೂ ನನಗೂ ಸೇರಿಸಿ ಬೈದಳು. ರಾತ್ರಿಯಿಡೀ ಗ್ಯಾಸ್‌ಲೈಟಿನಲ್ಲಿ ಆಟ ನೋಡಿ ಬೆಳಗ್ಗೆ ತೋಟಕ್ಕೆ ಹೋಗುತ್ತಿದ್ದವನಿಗೆ ಇದೆಂತ ಹೊಸ ರೋಗ ಅಂತ ಅಪ್ಪನ ತಕರಾರು.

ನಿಜ ನೋಡಿ. ಆದರೆ ಬಯಲಾಟದಲ್ಲಿ ಯಾರು ಬಿಟ್ಟ ಕಣ್ಣು ಬಿಟ್ಟಂತೆ ಕೂರುತ್ತಿದ್ದರು? ಶೇಂಗಾದವನ ಕಡೆ ತಿರುಗಿ, ಚಾ ಕುಡಿದು ಬಂದು, ಬೇಜಾರಿನ ಪ್ರಸಂಗಕ್ಕೆ ಕಂಬಳಿ ಹೊದ್ದು ಮಲಗಿ, ಚಂಡೆಯ ಪೆಟ್ಟಿಗೆ ಎದ್ದು... ಕಣ್ಣಿಗೆ ಎಷ್ಟೊಂದು ರಜೆ! ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ, ಪರದೆ ದಿಟ್ಟಿಸುವಾಗ ಅದು ತುಂಬ ಕಡಿಮೆಯಾಗಿ ಕಣ್ಣೀರು ಆರುತ್ತದೆ. ತಲೆ ಎತ್ತಿ ನೋಡಿದರೆ ಕಣ್ಣು ಇನ್ನೂ ಅಗಲ ತೆರೆದು ಬೇಗ ಒಣಗುತ್ತದೆ. ಕತ್ತಲ ಕೋಣೆಯಲ್ಲಿ ಆ ಝಗಮಗ ಬೆಳಕು ಬೇರೆ.

ಊರಿಗೆ ಹೋದವನು ಟಿವಿಯನ್ನು ಕಣ್ಣಿನ ಮಟ್ಟಕ್ಕೆ ಇಳಿಸಿದೆ. ಬೆಳಕು ತಗ್ಗಿಸಿದೆ, ಹಿಂದುಗಡೆ ಒಂದು ಸಣ್ಣ ಬಲ್ಬು ಹಾಕಿದೆ, ಕುರ್ಚಿ ಏಳು ಅಡಿ ದೂರ ಇಟ್ಟೆ. ಉರಿ ಕಡಿಮೆಯಾಯ್ತು. ಕುರ್ಚಿ ಮಾತ್ರ ಮರುದಿನ ಸಂಜೆಗೆ ಮತ್ತೆ ಮೂರಡಿಗೆ ಬಂದಿತ್ತು. ನಾನು ರೇಗಿದೆ. ಅಪ್ಪ ಮೆಲ್ಲಗೆ, "ಅಲ್ಲಿಂದ ಮುಖ ಕಾಣ್ತಿಲ್ಲೆ" ಅಂದ.

ಕುಮಟೆಯ ಕಣ್ಣಿನ ಡಾಕ್ಟ್ರ ಹತ್ತಿರ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ. ಹತ್ತಿರ ಕೂತು ಟಿವಿ ನೋಡಿದ್ದಕ್ಕೆ ಹೀಗಾಯ್ತಾ ಅಂತ ಕೇಳಿದೆ. ಅವರು ನಕ್ಕು, ಪೊರೆ ಬಂದದ್ದಕ್ಕೇ ಹತ್ತಿರ ಕೂತದ್ದು ಮಾರಾಯ್ರೆ ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಆ ಫೋನು ನೆನಪಾಗುತ್ತಲೇ ಇತ್ತು. 32 ಇಂಚಿನ ಟಿವಿ ಎಲ್ಲಾದರೂ ಸಣ್ಣಾಗುತ್ತದೆಯೇ? ನಾನು ಇಂಚು ಲೆಕ್ಕ ಹಾಕಿದೆ, ಕಣ್ಣು ಕೇಳಲಿಲ್ಲ.

ಒಂದು ಕಣ್ಣಿನ ಆಪರೇಶನ್ ಆಗಿದೆ, ಇನ್ನೊಂದು ಮುಂದಿನ ತಿಂಗಳು. ಕುರ್ಚಿ ಈಗ ತಾನಾಗಿಯೇ ಹಿಂದಿನ ಗೋಡೆ ಸೇರಿದೆ. ಮೊನ್ನೆ ಫೋನಿನಲ್ಲಿ ಅಪ್ಪ ಚಿಟ್ಟಾಣಿಯವರ ಬಗ್ಗೆ ಏನೂ ಹೇಳಲಿಲ್ಲ. ಆಯಿಯನ್ನು ಕರೆದು ಕೂಗುತ್ತಿದ್ದ: "ಮನೆ ತುಂಬ ಜೇಡ್ರ ಬಲೆ ಇದ್ದಲೇ!"