ಹಳಿಯಾಳ ದಾರಿಯಲ್ಲಿ ಮರ ಬಿದ್ದ ರಾತ್ರಿ

ಮಳೆಗಾಲದ ಸಂಜೆ ಬಚ್ಚಲ ಒಲೆಗೆ ಉರಿ ಹಾಕಿ ಕುಳಿತರೆ ಮಗ ಬಂದು ಪಕ್ಕದಲ್ಲಿ ಮಣೆ ಎಳೆದುಕೊಳ್ಳುತ್ತಾನೆ. ಮೀಸೆ ಚಿಗುರುವ ವಯಸ್ಸು ಅವನಿಗೀಗ. ಆದರೂ ಕೇಳುವುದು ಅದನ್ನೇ: "ಅಮ್ಮಾ, ಮರ ಬಿದ್ದ ರಾತ್ರಿದು ಹೇಳು." ಆ ರಾತ್ರಿ ಅವನು ನಮ್ಮ ಜೊತೆ ಇರಲಿಲ್ಲ. ದಾಂಡೇಲಿಯ ಮನೆಯಲ್ಲಿ ಅಜ್ಜಿಯ ಸೆರಗು ಹಿಡಿದು ಅತ್ತು ಅತ್ತು ಮಲಗಿದ್ದ. ತಾನಿಲ್ಲದ ಆ ರಾತ್ರಿ ಏನಾಯಿತೆಂಬುದು ಅವನಿಗೆ ಎಷ್ಟು ಕೇಳಿದರೂ ತೀರದು.

2018ರ ಜುಲೈ, ಒಂದು ಭಾನುವಾರ. ಮಗಳು ಹತ್ತನೇ ತರಗತಿಯಲ್ಲಿದ್ದಳು. ಭರತನಾಟ್ಯದ ಜೂನಿಯರ್ ಪರೀಕ್ಷೆ ಅದಾಗಲೇ ಪಾಸಾಗಿತ್ತು. ಆ ವರ್ಷ ಎಸ್ಸೆಸ್ಸೆಲ್ಸಿ ಜೊತೆಗೆ ಸೀನಿಯರ್ ಪರೀಕ್ಷೆಗೂ ಕಟ್ಟಿಸಬೇಕೆಂದು ಹಟ ಹಿಡಿದವಳು ನಾನೇ. ಎರಡನ್ನೂ ಆಗ ನಡೆಸುತ್ತಿದ್ದುದು ಒಂದೇ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ. ಗಣಿತ, ವಿಜ್ಞಾನ ಒಂದು ಕಡೆ. ಅಭಿನಯ ದರ್ಪಣದ 28 ಅಸಂಯುತ ಹಸ್ತಗಳು, ವರ್ಣ, ತಿಲ್ಲಾನ ಇನ್ನೊಂದು ಕಡೆ. ಗೋಡೆಗೆ ಎರಡು ವೇಳಾಪಟ್ಟಿ ಅಂಟಿಸಿದ್ದೆ. ಅವೆರಡರಲ್ಲೂ ನಿದ್ದೆಗೆ ಜಾಗವಿರಲಿಲ್ಲವೆಂಬುದು ನನಗೆ ಹೊಳೆಯಲಿಲ್ಲ.

ಆರು ವರ್ಷದವಳಿದ್ದಾಗ ನಮ್ಮ ಊರಿನಲ್ಲೇ ಕ್ಲಾಸಿಗೆ ಹಾಕಿದ್ದೆವು. ಅಲ್ಲಿನ ಟೀಚರ್ ಗಂಡನಿಗೆ ವರ್ಗವಾಗಿ ಊರು ಬಿಟ್ಟಾಗ, "ಈ ಹುಡುಗಿಯನ್ನು ಮಾತ್ರ ನಿಲ್ಲಿಸಬೇಡಿ" ಎಂದು ಧಾರವಾಡದ ಗುರುಗಳ ವಿಳಾಸ ಬರೆದುಕೊಟ್ಟರು. ದಾಂಡೇಲಿಯಿಂದ ಧಾರವಾಡಕ್ಕೆ 55 ಕಿಲೋಮೀಟರ್ ಆಸುಪಾಸು, ಹಳಿಯಾಳದ ಮೇಲೆ ಹೋಗಬೇಕು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಯೂನಿಫಾರ್ಮಿನಲ್ಲೇ ಬಸ್ ಹತ್ತುವುದು, ಸಂಜೆ ಕ್ಲಾಸು, ರಾತ್ರಿ ಸೋದರಮಾವನ ಮನೆ, ಭಾನುವಾರ ಬೆಳಿಗ್ಗೆ ಮತ್ತೆ ಕ್ಲಾಸು, ಮಧ್ಯಾಹ್ನ ಶಾಸ್ತ್ರ ಪಾಠ, ಸಂಜೆ ವಾಪಸು. ಉಳಿದ ದಿನ ಬೆಳಗಿನ 5 ಗಂಟೆಗೆ ಎದ್ದು ಮನೆಯ ಹಾಲಿನಲ್ಲಿ ಅಡವುಗಳ ಅಭ್ಯಾಸ. ಪೇಪರ್ ಮಿಲ್ಲಿನ ರಾತ್ರಿ ಪಾಳಿ ಮುಗಿಸಿ ಬರುವ ಯಜಮಾನರು ಬಾಗಿಲಲ್ಲೇ ನಿಂತು ಚಪ್ಪಲಿ ಕೈಯಲ್ಲಿ ಹಿಡಿದು, ತಾಳ ತಪ್ಪಿಸಬಾರದೆಂದು ಗೋಡೆ ಸವರಿಕೊಂಡು ಒಳಗೆ ಹೋಗುತ್ತಿದ್ದರು.

ತವರು ಜೋಯಿಡಾ. ಮೂರು ವರ್ಷ ಚೌತಿಗೆ ಹೋಗಲಾಗಲಿಲ್ಲ. ಮುಂಡಗೋಡದಲ್ಲಿ ತಂಗಿ ಮನೆ ಕಟ್ಟಿಸಿದಳು. ಗೃಹಪ್ರವೇಶ ಭಾನುವಾರ ಬಂದಿದ್ದಕ್ಕೆ ನಾವು ಹೋದದ್ದು ತಿಂಗಳ ಮೇಲೆ. ಆಗ ತಂಗಿ ನಮ್ಮನ್ನು ಟಿಬೆಟನ್ ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದಳು. 1966ರಿಂದ ಬೆಳೆದ ನೆಲೆ ಅದು. ಡ್ರೆಪುಂಗ್ ಮಠದ ಅಂಗಳದಲ್ಲಿ ಎಂಟು ಹತ್ತು ವರ್ಷದ ಪುಟ್ಟ ಸನ್ಯಾಸಿಗಳು ಮೈ ತೂಗುತ್ತ ಪಾಠ ಒಪ್ಪಿಸುತ್ತಿದ್ದರು. ದೊಡ್ಡವರು ಕೈಚಪ್ಪಾಳೆ ತಟ್ಟಿ, ಕಾಲು ನೆಲಕ್ಕೆ ಬಡಿದು ವಾದ ಮಾಡುತ್ತಿದ್ದರು. ಆ ಕಾಲಿನ ಪೆಟ್ಟು ಮಗಳಿಗೆ ಬಹಳ ಹಿಡಿಸಿತು. ನೋಡುತ್ತ ನೋಡುತ್ತ, "ಅಮ್ಮಾ, ಈ ಸಣ್ಣವರ ಅಮ್ಮಂದಿರು ಎಲ್ಲಿರ್ತಾರೆ?" ಎಂದಳು. ದೂರ ಇರ್ತಾರೆ ಎಂದೆ. "ನೀನಾದ್ರೂ ಬಸ್ಸಲ್ಲಿ ಪಕ್ಕದಲ್ಲಿರ್ತೀ" ಎಂದು ನನ್ನ ತೋಳು ಹಿಡಿದಳು. ಆ ಮಾತಿನ ಮೇಲೆ ನಾನು ಎಷ್ಟೋ ದಿನ ಬದುಕಿದೆ. ಪಕ್ಕದಲ್ಲಿದ್ದರೆ ಸಾಕು, ನಾನು ಎಲ್ಲವನ್ನೂ ಕಾಣುತ್ತಿದ್ದೇನೆ ಅಂದುಕೊಂಡೆ.

ಆ ಭಾನುವಾರ ಧಾರವಾಡ ಬಿಡುವಾಗಲೇ ಮಳೆ ಹಿಡಿದಿತ್ತು. ಹಳಿಯಾಳ ಸ್ಟ್ಯಾಂಡಿನಲ್ಲಿ ಬಸ್ ಬದಲಿಸಿ ದಾಂಡೇಲಿ ಕಡೆಗೆ ಹೊರಟಾಗ ಗಂಟೆ ಏಳು ದಾಟಿತ್ತು. ಮರುದಿನ ಗಣಿತದ ಟೆಸ್ಟ್. ಬಸ್ಸಿನ ಮಂಕು ಬೆಳಕಿನಲ್ಲಿ ಪುಸ್ತಕ ಬಿಡಿಸಿಕೊಂಡೇ ನಿದ್ದೆ ಹೋಗಿದ್ದಳು. ಸಾಗವಾನಿ ಕಾಡು ಶುರುವಾಗಿ ಸ್ವಲ್ಪ ದೂರ ಹೋಗಿರಬಹುದು, ಬಸ್ ಗಕ್ಕನೆ ನಿಂತಿತು. ದೊಡ್ಡದೊಂದು ಮತ್ತಿ ಮರ ಬುಡ ಸಮೇತ ಕಿತ್ತು ರಸ್ತೆಗೆ ಅಡ್ಡ ಮಲಗಿತ್ತು. ಅದರಾಚೆ ಇನ್ನೊಂದು ಬಿದ್ದಿದೆಯೆಂದು ಬೈಕಿನವನೊಬ್ಬ ಕೂಗಿ ಹೇಳಿದ. ಡ್ರೈವರ್ ಹಳಿಯಾಳಕ್ಕೆ ತಿರುಗಿಸುತ್ತೇನೆಂದರು. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಹಳಿಯಾಳದಲ್ಲಿ ನನಗೆ ಗುರುತಿನವರೆಂದು ಒಬ್ಬರೂ ಇಲ್ಲ.

ಹಿಂದಿನ ಸೀಟಿನಲ್ಲಿದ್ದ ಸಿದ್ದಿ ಸಮುದಾಯದ ಹೆಂಗಸೊಬ್ಬರು ತಮ್ಮ ಮಗಳ ಜೊತೆ ಇಳಿಯುತ್ತಿದ್ದರು. ಇಳಿದವರು ತಿರುಗಿ ನೋಡಿದರು. "ಅಕ್ಕಾರ, ಸ್ಟ್ಯಾಂಡಿನಾಗ ರಾತ್ರಿ ಹ್ಯಾಂಗ ಕಳೀತೀರಿ? ನಮ್ಮ ಮನಿ ಇಲ್ಲೇ ಐತಿ. ಬರ್ರಿ." ಅವರು ಅಂದದ್ದು ಇಷ್ಟೇ. ನಾನು ಎರಡನೇ ಯೋಚನೆ ಮಾಡದೆ ಇಳಿದೆ.

ಗದ್ದೆಯ ಬದು, ಕೆಸರು, ಒಂದು ಟಾರ್ಚು. ಮುಂದೆ ಅವರ ಮಗಳು, ಹಿಂದೆ ನನ್ನ ಮಗಳು, ಅವಳ ಹಿಂದೆ ಆ ತಾಯಿ, ಕೊನೆಗೆ ನಾನು. ಹತ್ತು ನಿಮಿಷದ ದಾರಿ. ಮನೆ ಸೇರಿ ಕಾಲು ತೊಳೆದು ಒಲೆ ಮುಂದೆ ಕುಳಿತ ಕೂಡಲೇ ಅವರು ಕೇಳಿದರು:

"ನಿಮ್ಮ ಹುಡುಗಿ ಎಡಗಾಲು ಎಳಕೋತ ನಡೀತಾಳ. ಬಿದ್ದಿದ್ಲೇನ್ರಿ?"

"ಇಲ್ರೀ, ಎರಡು ದಿನ ಕ್ಲಾಸಿತ್ತಲ್ಲ, ದಣಿವು."

"ದಣಿವಾದ್ರ ಎರಡೂ ಕಾಲಿಗೆ ಆಗಬೇಕಲ್ರಿ."

ನಾನು ಮಗಳ ಮುಖ ನೋಡಿದೆ. ಅವಳು ಒಲೆಯ ಕಡೆ ನೋಡಿದಳು. ಆ ತಾಯಿ ಕೊಬ್ಬರಿ ಎಣ್ಣೆಯ ಬಟ್ಟಲನ್ನು ಕೆಂಡದ ಬದಿಗಿಟ್ಟು, ಅವಳ ಕಾಲನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ಮೊಣಕಾಲ ಕೆಳಗೆ, ಮುಂದಿನ ಎಲುಬಿನುದ್ದಕ್ಕೆ ಹೆಬ್ಬೆರಳು ಇಳಿಸುತ್ತ ಬಂದವರು ಒಂದು ಕಡೆ ನಿಲ್ಲಿಸಿದರು. ಮಗಳು ತುಟಿ ಕಚ್ಚಿದಳು. ಕಣ್ಣಿಂದ ನೀರು ತಟಕ್ಕನೆ ಉದುರಿತು. ಐದು ವಾರದಿಂದ ನೋವಿತ್ತಂತೆ. ಹೇಳಿದರೆ ಕ್ಲಾಸು ತಪ್ಪುತ್ತದೆ, ಕ್ಲಾಸು ತಪ್ಪಿದರೆ ಅಮ್ಮನಿಗೆ ಬೇಜಾರು, ಬಸ್ ಚಾರ್ಜು, ಫೀಸು ಎಲ್ಲ ದಂಡ. ಹದಿನೈದು ವರ್ಷದ ಹುಡುಗಿ ಈ ಲೆಕ್ಕವನ್ನೆಲ್ಲ ಒಬ್ಬಳೇ ಹಾಕಿ ಕುಳಿತಿದ್ದಳು.

ಅನ್ನ, ಸಾರು, ಕಳಲೆ ಪಲ್ಯ ಬಡಿಸಿದರು. ಮಗಳು ಮೂರು ಸಲ ಹಾಕಿಸಿಕೊಂಡಳು. ಪಾತ್ರೆ ತೊಳೆಯಲು ಕೊಡಲೆಂದು ನಮ್ಮ ಊಟದ ಡಬ್ಬಿ ಹೊರತೆಗೆದು ಮುಚ್ಚಳ ತೆರೆದರೆ, ಮಧ್ಯಾಹ್ನಕ್ಕೆಂದು ಕಟ್ಟಿಕೊಟ್ಟ ಚಪಾತಿ ಹಾಗೆ ಹಾಗೇ ಇತ್ತು. "ಹೊಟ್ಟೆ ತುಂಬಿದ್ರೆ ಅರಮಂಡಿ ಕೂರೋಕಾಗಲ್ಲಮ್ಮಾ, ಕ್ಲಾಸ್ ಮುಗಿದ್ಮೇಲೆ ನಿದ್ದೆ ಬರತ್ತೆ" ಎಂದಳು. ಎಷ್ಟು ದಿನದಿಂದ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಆ ಮನೆಯ ಹುಡುಗಿ ಹಳಿಯಾಳದ ಕ್ರೀಡಾ ವಸತಿನಿಲಯದಲ್ಲಿದ್ದು ಕುಸ್ತಿ ಕಲಿಯುತ್ತಿದ್ದಳು. ಹಳಿಯಾಳ ಅಂದರೆ ಕುಸ್ತಿಯ ಊರು. ಗರಡಿಯ ಮಣ್ಣು ಹತ್ತದ ಓಣಿ ಅಲ್ಲಿಲ್ಲ. ಊಟವಾದ ಮೇಲೆ ಇವರಿಬ್ಬರಿಗೂ ಮಾತು ಕೂಡಿತು. ನನ್ನ ಮಗಳು ಕುಳಿತಲ್ಲೇ ಕೈಯಲ್ಲಿ ಅರಮಂಡಿ ವಿವರಿಸಿದಳು: ಮೊಣಕಾಲು ಎರಡೂ ಪಕ್ಕಕ್ಕೆ, ಬೆನ್ನು ನೆಟ್ಟಗೆ. ಆ ಹುಡುಗಿ ಎದ್ದು ಬೈಠಕ್ ಹೊಡೆದು ತೋರಿಸಿದಳು. ಎಷ್ಟು ಹೊಡೀತೀ ಎಂದರೆ, ದಿನಕ್ಕೆ ಮುನ್ನೂರು ಎಂದಳು. ಆಮೇಲೆ ಅವಳು ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ಕಿವಿಯಲ್ಲಿದೆ.

"ನೀ ಎದರ ಮ್ಯಾಲ ಕುಣೀತಿ?"

"ನೆಲದ ಮೇಲೆ. ಸಿಮೆಂಟು. ಧಾರವಾಡದಲ್ಲಿ ಗ್ರಾನೈಟು."

"ಸಿಮೆಂಟಿನ ಮ್ಯಾಲ?" ಆ ಹುಡುಗಿ ನಂಬಲಿಲ್ಲ. "ನಾವು ಕೆಂಪು ಮಣ್ಣು ಜರಡಿ ಹಿಡಿದು, ಎಣ್ಣಿ, ಅರಿಶಿಣ, ಮಜ್ಜಿಗಿ ಹಾಕಿ ಹದ ಮಾಡ್ತೀವಿ. ಈಗ ಮ್ಯಾಟೂ ಐತಿ. ಕಲ್ಲಿನ ಮ್ಯಾಲ ಯಾರರ ಆಡ್ತಾರೇನು?"

ಮೂರು ಕಾಲದಲ್ಲಿ ತಟ್ಟಡವು, ನಾಟಡವು ಎಂದರೆ ಒಂದು ಗಂಟೆಗೆ ಸಾವಿರಗಟ್ಟಲೆ ಸಲ ಬರಿಗಾಲಿನ ಪೆಟ್ಟು ನೆಲಕ್ಕೆ ಬೀಳುತ್ತದೆ. ನೆಲ ಒಂದಿಷ್ಟೂ ಬಾಗದಿದ್ದರೆ ಆ ಪೆಟ್ಟು ಹಿಂದಿರುಗುವುದು ಎಲುಬಿಗೇ. ಬೆಳೆಯುವ ಎಲುಬು ಅದು. ನಾವು ಗೆಜ್ಜೆಗೆ ಪೂಜೆ ಮಾಡುತ್ತೇವೆ, ನೆಲ ಮುಟ್ಟಿ ನಮಸ್ಕಾರ ಹಾಕುತ್ತೇವೆ. ಆ ನೆಲ ಯಾವುದರದ್ದೆಂದು ನಾನು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

ಮಕ್ಕಳು ಮಲಗಿದ ಮೇಲೆ ಆ ತಾಯಿ ಒಲೆಯ ಬೆಂಕಿ ಕೆದಕುತ್ತ ಹಳೆಯದನ್ನು ತೆಗೆದರು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳಿಗಾಗಿಯೇ ಒಂದು ಯೋಜನೆ ತಂದದ್ದು, ಹಾಡಿ ಹಾಡಿಯಿಂದ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದದ್ದು, ಹರ್ಡಲ್ಸ್ ಓಟದ ಕಮಲಾ ಸಿದ್ದಿಯವರಂಥವರು ಅದರಿಂದಲೇ ಬೆಳಗಿದ್ದು. 1993ರ ಹೊತ್ತಿಗೆ ಯೋಜನೆ ನಿಂತಿತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು, ಎಷ್ಟೋ ಜನ ಊರಿಗೆ ಮರಳಿ ಕೂಲಿ ಹಿಡಿದರು. "ಅದಕ್ಕ ನನ್ನ ಮಗಳಿಗೆ ಹೇಳೀನ್ರಿ," ಎಂದರು, "ಆಟ ಎಂದರ ನಿಂತೀತು, ಸಾಲಿ ಕೈಯಾಗ ಇರಲಿ. ಸಾಲಿ ಬ್ಯಾಸರಾದ್ರ ಆಟ ಐತಿ. ಎರಡೂ ಬೇಕಂದ್ರ ಮದಲ ಕಾಲು ಬೇಕು. ದಿನಾ ರಾತ್ರಿ ನಾ ಅಕಿ ಕಾಲು ಒತ್ತತಿದ್ದೆ. ಈಗ ಹಾಸ್ಟೆಲ್‌ದಾಗ ಅದಾಳ, ಮನಿಗೆ ಬಂದಾಗ ಒಂದಿನಾನೂ ಬಿಡಂಗಿಲ್ಲ."

ನಮಗೆ ಹೊದೆಯಲು ಕೊಟ್ಟದ್ದು ಅವರೇ ಹೊಲಿದ ಕೌದಿ. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೊಲಿಗೆ ಹಾಕುತ್ತ ಬಂದಿದ್ದರು. ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಿಸಿದ ಪುಟ್ಟ ಬಟ್ಟೆ. ಅದಕ್ಕೆ ಫುಲಾ ಎನ್ನುತ್ತಾರಂತೆ. ಫುಲಾ ಹಚ್ಚದ ಕೌದಿ ಬತ್ತಲೆ ಇದ್ದಂತೆ. ಮಗಳು ಒಂದು ಫುಲಾವನ್ನು ಬೆರಳಲ್ಲಿ ಹಿಡಿದುಕೊಂಡೇ ಮಲಗಿದ್ದಳು. ಬಹಳ ದಿನದ ಮೇಲೆ ಬೆಳಿಗ್ಗೆ ಏಳರವರೆಗೆ ನಿದ್ದೆ ಮಾಡಿದಳು. ನಾನು ಎಬ್ಬಿಸಲಿಲ್ಲ.

ಮರ ಕಡಿದು ರಸ್ತೆ ಬಿಡುವಷ್ಟರಲ್ಲಿ ಹೊತ್ತೇರಿತ್ತು. ಗಣಿತದ ಟೆಸ್ಟ್ ತಪ್ಪಿತು. ಶಾಲೆಯವರು ಇನ್ನೊಂದು ದಿನ ಬರೆಸಿದರು. ಆ ವಾರವೇ ಹುಬ್ಬಳ್ಳಿಯಲ್ಲಿ ಎಲುಬಿನ ಡಾಕ್ಟರಿಗೆ ತೋರಿಸಿದೆವು. ಎಲುಬಿನ ಮೇಲೆ ಒತ್ತಡ ಬಿದ್ದು ಬಿರುಕಿಗೆ ದಾರಿಯಾಗುತ್ತಿದೆ, ಆರು ವಾರ ಕುಣಿಯಕೂಡದು, ಹೊಟ್ಟೆ ತುಂಬ ಉಣ್ಣಬೇಕು, ನಿದ್ದೆ ಕೆಡಬಾರದು ಎಂದರು. ಅಳುಕುತ್ತಲೇ ಧಾರವಾಡದ ಗುರುಗಳಿಗೆ ಹೇಳಿದೆ. "ಇದನ್ನು ಮೊದಲ ದಿನವೇ ನನಗೆ ಹೇಳಬೇಕಿತ್ತು" ಎಂದು ಗದರಿ, ಆರು ವಾರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಟ್ಟುಕೋಲು ಕೈಗೆ ಕೊಟ್ಟು ನಟುವಾಂಗದ ಪಾಠ ಮಾಡಿದರು.

ಸೀನಿಯರ್ ಪರೀಕ್ಷೆಯನ್ನು ಮುಂದಕ್ಕೆ ಹಾಕಿದೆವು. ಅದನ್ನು ತೀರ್ಮಾನಿಸಿದ್ದು ಮಗಳು. ಬೇಕೋ ಬೇಡವೋ ಎಂದು ನಾನು ಅವಳನ್ನು ಕೇಳಿದ್ದು ಅದೇ ಮೊದಲು. "ನಿಲ್ಲಿಸಲ್ಲ. ಆದರೆ ಶನಿವಾರ ನನಗೆ ಬಿಡು" ಎಂದಳು. ಶನಿವಾರ ಬಿಟ್ಟೆ.

ಇನ್ನು ನೆಲದ ವಿಷಯ. ಬ್ಯಾಲೆ ಕಲಿಸುವ ಕಡೆ ಮರದ ಪಟ್ಟಿಗಳ ಮೇಲೆ ಹಲಗೆ ಹಾಸಿ, ಹೆಜ್ಜೆಗೆ ತುಸು ಬಾಗುವ ನೆಲ ಮಾಡುತ್ತಾರೆಂದು ಮಗಳೇ ಎಲ್ಲೋ ನೋಡಿ ಅಪ್ಪನಿಗೆ ತೋರಿಸಿದಳು. ದಾಂಡೇಲಿಯಲ್ಲಿ ಮರಕ್ಕೇನು ಬರ. ಯಜಮಾನರು ವಾರದ ರಜೆಯ ದಿನ ರೀಪುಗಳನ್ನು ಸಾಲಾಗಿಟ್ಟು, ಕೆಳಗೆ ರಬ್ಬರ್ ತುಂಡು ಕೊಟ್ಟು, ಮೇಲೆ ಪ್ಲೈವುಡ್ ಹಾಸಿದರು. ಮೂರನೇ ತರಗತಿಯಲ್ಲಿದ್ದ ಮಗ ಮೊಳೆ ಎಣಿಸಿ ಎಣಿಸಿ ಕೊಟ್ಟ. ಅಕ್ಕನ ನಾಟ್ಯ ಅವನದೂ ಆದದ್ದು ಅವತ್ತು. ಅಲ್ಲಿಯವರೆಗೆ ಅದು ಅವನ ಅಮ್ಮನನ್ನು ವಾರಕ್ಕೆರಡು ದಿನ ಕಿತ್ತುಕೊಂಡು ಹೋಗುವ ವಸ್ತುವಾಗಿತ್ತು. ಮೊದಲ ಸಲ ಅದರ ಮೇಲೆ ತಟ್ಟಿದಾಗ ಹಾಲು ಡೊಳ್ಳಿನ ಹಾಗೆ ಗುಂಯ್ಗುಟ್ಟಿತು. ನಮ್ಮ ಅತ್ತೆಯವರು ದೇವರ ಕೋಣೆಯಿಂದ ಎದ್ದು ಬಂದು ನೋಡುತ್ತ ನಿಂತರು.

ಆ ವರ್ಷದ ಚೌತಿಗೆ ಜೋಯಿಡಾಕ್ಕೆ ಎಲ್ಲರೂ ಹೋದೆವು. ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ದರ್ಜೆ ಬಂತು. ಸೀನಿಯರ್ ಅನ್ನು ಪಿಯುಸಿಯಲ್ಲಿದ್ದಾಗ ಮುಗಿಸಿದಳು. ಈಗ ಧಾರವಾಡದಲ್ಲೇ ಓದುತ್ತಾಳೆ, ಗುರುಗಳ ಸಣ್ಣ ಮಕ್ಕಳಿಗೆ ಅಡವು ಹಾಕಿಸುತ್ತಾಳೆ. ಹಳಿಯಾಳ ದಾರಿಯ ಆ ಮನೆಯಿಂದ ಹೊಲಿಸಿ ತಂದ ಕೌದಿ ಅವಳ ಹಾಸ್ಟೆಲ್ ಮಂಚದ ಮೇಲಿದೆ.

ಶನಿವಾರ ಮಧ್ಯಾಹ್ನದ ಧಾರವಾಡ ಬಸ್ಸಿನಲ್ಲಿ ಗೆಜ್ಜೆಯ ಚೀಲ ಹಿಡಿದ ಹುಡುಗಿಯರನ್ನು, ಪಕ್ಕದಲ್ಲಿ ಕುಳಿತ ಅವರ ಅಮ್ಮಂದಿರನ್ನು ಈಗಲೂ ಕಾಣುತ್ತೇನೆ. ನಿಮ್ಮನ್ನು ಕೇಳಿಕೊಳ್ಳುವುದಿಷ್ಟು: ಸಂಜೆ ಮನೆಗೆ ಬಂದ ಮೇಲೆ ಊಟದ ಡಬ್ಬಿಯ ಮುಚ್ಚಳ ತೆರೆದು ನೋಡಿ. ಬಸ್ ಇಳಿದು ನಡೆಯುವಾಗ ಮಗಳನ್ನು ಮುಂದೆ ಬಿಟ್ಟು, ನಾಲ್ಕು ಹೆಜ್ಜೆ ಹಿಂದಿನಿಂದ ಅವಳ ಕಾಲು ನೋಡಿ.